ಮಗುವಿನ ನಡವಳಿಕೆ ಬರೆದಿಡುವುದು ಹೇಗೆ? ಡಾಕ್ಟರ್ ಕೇಳಿದರೆ ಏನೂ ನೆನಪಾಗಲ್ಲ

ಪುಟ್ಟನ_ಅಮ್ಮ:
ಮಗನಿಗೆ ಎರಡೂಕಾಲು ವರ್ಷ. ಮಾತು ಕಡಿಮೆ. ಹೆಸರು ಹಿಡಿದು ಕರೆದರೆ ಒಮ್ಮೆ ತಿರುಗುತ್ತಾನೆ, ಒಮ್ಮೆ ಇಲ್ಲ. ಮಿಕ್ಸಿ ಸದ್ದಾದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಅತ್ತೆ "ಗಂಡುಮಕ್ಕಳಿಗೆ ಮಾತು ತಡವೇ" ಅನ್ನುತ್ತಾರೆ, ಗಂಡ "ಸುಮ್ನೆ ಹೆದರಬೇಡ" ಅನ್ನುತ್ತಾರೆ. ಡಾಕ್ಟರ್ "ಯಾವಾಗಿನಿಂದ? ಎಷ್ಟು ಸಲ?" ಅಂತ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ. ಬರೆದಿಡೋಣ ಅಂತ ಕೂತರೆ ಪುಟಗಟ್ಟಲೆ ಆಗುತ್ತದೆ. ತಿರುಗಿ ಓದಿದರೆ ಅದರಲ್ಲಿ ಮಗುವಿಗಿಂತ ನನ್ನ ಭಯವೇ ಜಾಸ್ತಿ. ಏನು ಬರೆಯಬೇಕು, ಏನು ಬಿಡಬೇಕು?

ರಾತ್ರಿಪಾಳಿ_ಅಪ್ಪ:
ವಿಡಿಯೊ ತೆಗೆದಿಡಿ. ಕ್ಲಿನಿಕ್ಕಿಗೆ ಹೋದ ದಿನವೇ ಮಕ್ಕಳು ಚಿನ್ನದಂಥವರಾಗಿಬಿಡುತ್ತಾರೆ. ಫ್ಯಾಮಿಲಿ ಗ್ರೂಪಿಗೆ ಮಾತ್ರ ಹಾಕಬೇಡಿ.

ಕಡ್ಡಿಪೆನ್ಸಿಲ್:
ನಾನು ವಿಶೇಷ ಶಿಕ್ಷಕಿ. ಅಪ್ಪ ಅಮ್ಮ ಬರೆದು ತರುವ ನೋಟ್‌ಬುಕ್ ಓದುವುದು ನನ್ನ ಕೆಲಸದ ಭಾಗ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ವಾಕ್ಯ "ಇವತ್ತು ತುಂಬಾ ಹಟ ಮಾಡಿದ". ಇದರಿಂದ ನನಗೆ ಏನೂ ತಿಳಿಯುವುದಿಲ್ಲ. ಹಟ ಅನ್ನುವುದು ನೀವು ಕೊಟ್ಟ ತೀರ್ಪು. ಕಣ್ಣಿಗೆ ಕಂಡದ್ದು ಬೇಕು: "ಟಿವಿ ಆರಿಸಿದೆ. ನೆಲಕ್ಕೆ ಬಿದ್ದು ತಲೆ ಚಚ್ಚಿಕೊಂಡ, ಸುಮಾರು ಹತ್ತು ನಿಮಿಷ. ಮತ್ತೆ ಟಿವಿ ಹಾಕಿದೆ, ನಿಲ್ಲಿಸಿದ." ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಇದಕ್ಕೆ ನಾವು ಎ-ಬಿ-ಸಿ ಚಾರ್ಟ್ ಅನ್ನುತ್ತೇವೆ. ಕೊನೆಯ ಭಾಗವನ್ನು ಎಲ್ಲರೂ ನುಂಗಿಬಿಡುತ್ತಾರೆ, ಅಲ್ಲಿ ದೊಡ್ಡವರಾದ ನಾವು ಮಾಡಿದ್ದು ಇರುತ್ತದಲ್ಲ!

"ಮಾತು ಕಡಿಮೆ" ಅಂದರೂ ಅಷ್ಟೇ. ಅವನು ತಾನಾಗಿ ಆಡುವ ಪದಗಳನ್ನು ಅವನು ಹೇಳುವ ಹಾಗೆಯೇ ಬರೆಯಿರಿ. ನೀವು ಹೇಳಿಕೊಟ್ಟಾಗ ಗಿಣಿಯಂತೆ ಒಪ್ಪಿಸುವ ಪದಗಳನ್ನು ಬೇರೆ ಪುಟದಲ್ಲಿ ಬರೆಯಿರಿ. ಏನಾದರೂ ಬೇಕಾದಾಗ ಬೆರಳು ತೋರಿಸುತ್ತಾನಾ, ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನಾ? ಬೇಡದಿದ್ದರೂ "ಅಲ್ಲಿ ನೋಡು" ಅನ್ನುವಂತೆ ಬೆರಳು ಮಾಡುತ್ತಾನಾ? ಈ ಮೂರೂ ಬೇರೆ ಬೇರೆ. ಡಾಕ್ಟರಿಗೆ ಈ ವ್ಯತ್ಯಾಸ ತುಂಬಾ ಮುಖ್ಯ.

ಹೆಸರಿಗೆ ತಿರುಗಿದ ಸಲವನ್ನೂ ಬರೆಯಿರಿ. ಆಗ ಟಿವಿ ಓಡುತ್ತಿತ್ತಾ, ನೀವು ಎದುರಿಗಿದ್ದಿರಾ ಹಿಂದಿದ್ದಿರಾ? ತಿರುಗದ ಸಲಗಳನ್ನಷ್ಟೇ ಬರೆದರೆ ಚಿತ್ರ ಅರ್ಧ. ಅತ್ತೆ ನೋಡಿದ್ದಕ್ಕೆ "ಅತ್ತೆ ಹೇಳಿದ್ದು" ಅಂತ ಗುರುತು ಹಾಕಿ.

ಎಂ-ಚಾಟ್ ಅಂತ ಒಂದು ಪ್ರಶ್ನಾವಳಿ ಇದೆ, ಆಟಿಸಂ (ಮಾತು, ಬೆರೆಯುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಲಕ್ಷಣಗಳಿವೆಯಾ ಅಂತ ನೋಡಲು. 16ರಿಂದ 30 ತಿಂಗಳ ಮಕ್ಕಳಿಗೆ, 20 ಪ್ರಶ್ನೆ, ಹೌದು-ಇಲ್ಲ ಉತ್ತರ. ನಿಮ್ಮವನು ಇನ್ನೂ ಆ ವಯಸ್ಸಿನೊಳಗೆ ಇದ್ದಾನೆ, ಡಾಕ್ಟರನ್ನು ಕೇಳಿ. ಅದು ಬರೀ ಜರಡಿ, ಹೆಚ್ಚಿನ ತಪಾಸಣೆ ಬೇಕಾ ಅಂತ ಸೋಸಿ ನೋಡುತ್ತದೆ ಅಷ್ಟೇ. ಅದರಿಂದಲೇ ಆಟಿಸಂ ಇದೆ ಅಂತ ಯಾರೂ ಹೇಳಲಾರರು.

ಒಂದು ವಿಷಯಕ್ಕೆ ಮಾತ್ರ ನೋಟ್‌ಬುಕ್ ತುಂಬಲಿ ಅಂತ ಕಾಯಬೇಡಿ. ಮೊದಲು ಆಡುತ್ತಿದ್ದ ಮಾತು ನಿಂತುಹೋದರೆ, ಕಲಿತದ್ದು ಬಿಟ್ಟುಹೋದರೆ, ತಕ್ಷಣ ತೋರಿಸಿ.

ಸುಮ್ನಿರ್ಲಿಬಿಡಿ:
ಬೇಜಾರಾಗಬೇಡಿ. ಮಗು ಉಸಿರಾಡಿದ್ದನ್ನೂ ಬರೆಯುತ್ತಾ ಕೂತರೆ ಅದರ ಜೊತೆ ಆಡುವವರು ಯಾರು? ನನ್ನ ಅಕ್ಕನ ಮನೆಯಲ್ಲಿ ಇದನ್ನೇ ನೋಡಿದೆ. ಅವಳು ಪೆನ್ನು ಹಿಡಿದರೆ ಸಾಕು, ಮಗು ಅವಳ ಮುಖವನ್ನೇ ನೋಡುತ್ತಿತ್ತು.

ಕಡ್ಡಿಪೆನ್ಸಿಲ್:
ಒಪ್ಪಿದೆ. ಅದಕ್ಕೇ ಎರಡೇ ವಿಷಯ ಆರಿಸಿಕೊಳ್ಳಿ, ಮಗು ಮಲಗಿದ ಮೇಲೆ ನಾಲ್ಕು ಸಾಲು ಸಾಕು. ಬರೆಯದ ದಿನ ಖಾಲಿ ಬಿಡಿ. ಮರುದಿನ ಊಹಿಸಿ ತುಂಬಿಸುವುದು ಬೇಡ.

ಪುಟ್ಟನ_ಅಮ್ಮ:
ನಿನ್ನೆ "ಯಾರ ಜೊತೆಯೂ ಸೇರುವುದೇ ಇಲ್ಲ" ಅಂತ ಬರೆದಿದ್ದೆ. ಈಗ ಹೀಗೆ ಬರೆದೆ: "ಪಕ್ಕದ ಮನೆಯ ಹುಡುಗಿ ಚೆಂಡು ಉರುಳಿಸಿದಳು. ಎತ್ತಿಕೊಂಡು ಮೂಲೆಗೆ ಹೋದ. ಅವಳು ಹತ್ತಿರ ಬಂದಾಗ ನೋಡಿ ನಕ್ಕ, ಚೆಂಡು ಕೊಡಲಿಲ್ಲ." ಆ ನಗು ನನ್ನ ಮೊದಲಿನ ಸಾಲಿನಲ್ಲಿ ಇರಲೇ ಇಲ್ಲ. ಹೆಸರಿಗೆ ತಿರುಗುವುದು ಮತ್ತು ಬೆರಳು ತೋರಿಸುವುದು, ಈ ಎರಡನ್ನೇ ಆರಿಸಿಕೊಂಡಿದ್ದೇನೆ.

ಕಡ್ಡಿಪೆನ್ಸಿಲ್:
ಚೆನ್ನಾಗಿದೆ, ಹೀಗೇ ಬರೆಯಿರಿ. ಕಿವಿ ಪರೀಕ್ಷೆ ಆಗಿದೆಯಾ? ಸದ್ದಿಗೆ ಬೆಚ್ಚುವ ಮಗುವಿಗೂ ಕೆಲವು ಬಗೆಯ ಸದ್ದುಗಳು ಸರಿಯಾಗಿ ಕೇಳದೆ ಇರಬಹುದು. ಆಗಿಲ್ಲದಿದ್ದರೆ ಈ ಭೇಟಿಯಲ್ಲಿ ಮೊದಲು ಅದನ್ನೇ ಕೇಳಿ.