ಚಿಕ್ಕಮ್ಮ, ಹೊರಗಿಂದ ನೋಡಿದ್ರೆ ಕಪ್ಪಗೇ ಕಾಣೋದು

ಚಿಕ್ಕಮ್ಮ, ನಿನ್ನ ವಾಯ್ಸು ಈಗ ಕೇಳ್ದೆ. "ಊಟಿ ಚರ್ಚಿನ ಕಿಟಕಿ ಅಂತ ಅಷ್ಟೊಂದು ಫೋಟೊ ಹಾಕಿದ್ದೀಯ, ನಾನು ಹೋದಾಗ ಬರೀ ಕರೀ ಗಾಜು ಕಂಡ್ತು" ಅಂದ್ಯಲ್ಲ. ನೀನು ಒಳಕ್ಕೇ ಹೋಗಿಲ್ಲ ಬುಡು! ರಸ್ತೇಲಿ ನಿಂತ್ಕೊಂಡು ಫೋಟೊ ಹೊಡ್ದು ಚಾಕ್ಲೇಟ್ ಅಂಗಡಿಗೆ ಓಡಿರ್ತೀರ. ಆ ಬಣ್ಣದ ಗಾಜು ಮಾಡೋದೇ ಒಳಗೆ ಕೂತೋರಿಗೆ. ಹೊರಗಿನ ಬಿಸಿಲು ಗಾಜಿನ ಮೈ ತೂರಿ ಬಂದ್ರೆ ತಾನೆ ಬಣ್ಣ ಏಳೋದು.

ನಾವು ತಾಳವಾಡಿಯಿಂದ ಕತ್ಲಲ್ಲೇ ಹೊರಟು, 6 ಗಂಟೆಗೆ ಬಂಡೀಪುರದ ಗೇಟು ತೆಗೆಯೋ ಹೊತ್ಗೆ ಅಲ್ಲಿದ್ವಿ. ಊಟಿಯ ಸಂತ ಸ್ಟೀಫನ್ನರ ಚರ್ಚಿಗೆ ಹೋದಾಗ ಒಳಗೆ ನಾಕೈದು ಜನ ಇದ್ರು ಅಷ್ಟೆ. ಶಿಲುಬೆ ಮೇಲಿನ ಯೇಸು, ಮಗು ಎತ್ತಿಕೊಂಡ ಮರಿಯಮ್ಮ. ನೀಲಿ ಅಂದ್ರೆ ಎಂಥ ನೀಲಿ ಅಂತೀಯ! ಇಂಥ ಗಾಜಿಗೆ ಮೇಲೆ ಬಣ್ಣ ಬಳಿಯೋದಲ್ಲವಂತೆ, ಕರಗಿಸೋವಾಗ್ಲೇ ಕೋಬಾಲ್ಟ್ ಬೆರೆಸಿದ್ರೆ ನೀಲಿ, ಚೂರು ಚಿನ್ನ ಸೇರಿಸಿದ್ರೆ ಕೆಂಪು. ತುಂಡು ತುಂಡಾಗಿ ಕತ್ತರಿಸಿ ಸೀಸದ ಪಟ್ಟಿಲಿ ಹೊಲಿಗೆ ಹಾಕ್ದಂಗೆ ಜೋಡಿಸ್ತಾರೆ. ನಮ್ಮ ಅಜ್ಜಿ ಕೌದಿ ಹೊಲೀತಿದ್ದಳಲ್ಲ, ಹಂಗೇ. ಮುಖದ ಗೆರೆ, ಬಟ್ಟೆಯ ಮಡಿಕೆ ಮಾತ್ರ ಮೇಲೆ ಬರೆದು ಕುಲುಮೇಲಿ ಸುಡೋದು. ಪುಟ್ಟಿ ಬೆಂಚಿನ ಮೇಲೆ ಬಿದ್ದ ಕೆಂಪು ಬೆಳಕಿಗೆ ಅಂಗೈ ಒಡ್ಡಿ "ಮದರಂಗಿ ಹತ್ತಿತು" ಅಂತ ಕೂಗ್ಬುಟ್ಟಳು, ನಂಗೆ ನಾಚ್ಕೆ. ಅಷ್ಟರಲ್ಲಿ ಮಂಜು ಕವುಚ್ತು. ದೀಪ ಸಣ್ಣ ಮಾಡ್ದಂಗೆ ಎಲ್ಲಾ ಬಣ್ಣ ಇಳಿದೋಯ್ತು. ಕಾಲು ಗಂಟೆ ಕಾದ್ವಿ, ಮತ್ತೆ ಹತ್ಕೊಂತು.

ಆದ್ರೆ ನಿಜ ಹೇಳ್ತೀನಿ, ನಂಗೆ ಕಿಟಕಿಗಿಂತ ಹೆಚ್ಚು ಹಿಡಿಸಿದ್ದು ತಲೆ ಮೇಲಿನ ತೊಲೆ. ಅದು ನಮ್ಮ ಶ್ರೀರಂಗಪಟ್ಟಣದ್ದು ಕಣಮ್ಮ! ಟಿಪ್ಪು ಸತ್ತ ಮೇಲೆ ಅವನ ಲಾಲ್ ಮಹಲ್ ಅರಮನೇನ ಕಿತ್ತು, ಆ ಮರಾನ ಆನೆಗಳ ಕೈಲಿ ಎಳೆಸ್ಕೊಂಡು ಬೆಟ್ಟ ಹತ್ತಿಸಿದ್ರಂತೆ. ಮದ್ರಾಸ್ ಗವರ್ನರ್ ಸ್ಟೀಫನ್ ಲಷಿಂಗ್ಟನ್ 1829ರ ಏಪ್ರಿಲ್ 23ಕ್ಕೆ ಅಡಿಗಲ್ಲು ಹಾಕಿಸ್ದ, 1831ರ ಈಸ್ಟರಿಗೆ ಜನಕ್ಕೆ ಬಾಗಿಲು ತೆಗೆದ್ರು. ಊಟಿಗೆ ಹತ್ತೋ ಕಲ್ಹಟ್ಟಿ ಘಾಟಿಯ 36 ತಿರುವಲ್ಲಿ ನಮ್ಮ ಕಾರೇ ಉಸಿರು ಬಿಡ್ತಿತ್ತು. ಆ ಆನೆಗಳ ಪಾಡು ಏನಾಗಿರ್ಬೇಕು ಹೇಳು. ಅರಮನೆ ತೊಲೆ ಇಗರ್ಜಿ ಸೂರಿಗೆ ಬಂತು. ಗೆದ್ದೋರು ಏನು ಬೇಕಾದ್ರೂ ಹೊತ್ಕೊಂಡು ಹೋಗ್ತಾರೆ, ಸಿಟ್ಟು ಬರುತ್ತೆ. ಹಂಗಂತ ಸೌದೆ ಮಾಡ್ದೆ ಉಳಿಸ್ಕೊಂಡವ್ರೆ ಅಂತ ಸಮಾಧಾನಾನೂ ಆಗುತ್ತೆ.

ಚರ್ಚಿನ ಹಿಂದಿರೋ ಸ್ಮಶಾನಾನೂ ನೋಡು. ಊಟಿ ಕಟ್ಟಿದ ಕಲೆಕ್ಟರ್ ಸಲ್ಲಿವನ್ನನ ಹೆಂಡ್ತಿ, ಮಗಳು ಅಲ್ಲೇ ಮಲಗಿರೋದು.

ಮುಂದಿನ ಸಲ ಚಿಕ್ಕಪ್ಪನ್ನೂ ಹೊರಡಿಸು. ಮರಗೆಲಸದೋರು, ಕತ್ತು ನೋಯೋವರೆಗೂ ಸೂರೇ ನೋಡ್ತಾರೆ. ಚಪ್ಪಲಿ ಬಿಡಬೇಕಾ ಅಂತ ಅಲ್ಲಿ ಒಬ್ಬರನ್ನ ಕೇಳಿದ್ದಕ್ಕೆ ಅಲ್ಲಿನ ಬಡಗರ ಭಾಷೆ ಬಡಗದಲ್ಲೇ ಉತ್ರ ಕೊಟ್ರು, ಮುಕ್ಕಾಲು ನಮ್ಮ ಮಾತೇ ಅನ್ನಿಸ್ತು. ಹಾಂ, ನೀಲಗಿರಿಗೆ ಈಗ ಇ-ಪಾಸ್ ಬೇಕು, ಮರೀಬೇಡ. ಗಾಡಿ ನಂಬರ್ ಕಳ್ಸು, ನಾನೇ ಮಾಡಿಸ್ತೀನಿ.