ಆಸ್ಪತ್ರೆಯ 3 ಟೆಸ್ಲಾ ಎಂಆರ್‌ಐ ಕೊಡುವ ಟಿ2 ನಕ್ಷೆಯನ್ನು ಸಂಶೋಧನೆಗೆ ನೆಚ್ಚಬಹುದೇ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ನಮಸ್ಕಾರ. ಮಂಡಿಯ ಆಸ್ಟಿಯೋಆರ್ಥ್ರೈಟಿಸ್ (ಕೀಲು ಸವೆತ) ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುವ ಮೊದಲೇ ಮೃದ್ವಸ್ಥಿಯ ಟಿ2 ಮೌಲ್ಯ (ಎಂಆರ್‌ಐ ಸಂಕೇತ ಎಷ್ಟು ಬೇಗ ಕುಗ್ಗುತ್ತದೆ ಎಂಬುದರ ಅಳತೆ) ಬದಲಾಗುತ್ತದೆಯೇ ಎಂಬುದು ನನ್ನ ಪಿಎಚ್‌.ಡಿ. ವಿಷಯ. ನಮ್ಮ ವಿಭಾಗದಲ್ಲಿ ಸ್ವಂತ ಸ್ಕ್ಯಾನರ್ ಇಲ್ಲ. ರೋಗಿಗಳ ಸರದಿ ಮುಗಿದ ಮೇಲೆ ಸಂಜೆಯ ಹೊತ್ತು ತನ್ನ 3 ಟೆಸ್ಲಾ ಯಂತ್ರವನ್ನು ಬಳಸಿಕೊಳ್ಳಲು ಆಸ್ಪತ್ರೆಯೊಂದು ಒಪ್ಪಿದೆ. ಅದರಲ್ಲಿ ಮಲ್ಟಿ ಎಕೋ ಸ್ಪಿನ್ ಎಕೋ ಸೀಕ್ವೆನ್ಸ್ (ಹಲವು ಎಕೋಗಳನ್ನು, ಅಂದರೆ ಮರಳಿ ಬರುವ ಸಂಕೇತಗಳನ್ನು, ಒಂದರ ಹಿಂದೊಂದು ಅಳೆಯುವ ಸ್ಕ್ಯಾನ್ ಕ್ರಮ) ಮೊದಲೇ ಇದ್ದು, ಸ್ಕ್ಯಾನ್ ಮುಗಿಯುತ್ತಿದ್ದಂತೆ ಟಿ2 ನಕ್ಷೆಯೂ ಸಿದ್ಧವಾಗಿ ಬರುತ್ತದೆ. ಆ ನಕ್ಷೆಯ ಅಂಕಿಗಳನ್ನು ನೇರವಾಗಿ ಬಳಸಬಹುದೇ, ಅಥವಾ ನಾನೇ ಸೀಕ್ವೆನ್ಸ್ ಬರೆಯಬೇಕೇ?

ಉತ್ತರ: ಎಂಆರ್‌ಐ ಭೌತವಿಜ್ಞಾನಿ

ಸೀಕ್ವೆನ್ಸ್ ಬರೆಯುವ ಅಗತ್ಯ ಈಗಲೇ ಇಲ್ಲ. ಆದರೆ ಸಿದ್ಧ ನಕ್ಷೆಯನ್ನು ಹಾಗೆಯೇ ಪ್ರಬಂಧಕ್ಕೆ ಇಳಿಸಬೇಡಿ. ಆಸ್ಪತ್ರೆಯ ಸ್ಕ್ಯಾನರನ್ನು ರೂಪಿಸಿರುವುದು ವೈದ್ಯರ ಕಣ್ಣಿಗೆ ರೋಗ ಎದ್ದು ಕಾಣುವಂಥ ಚಿತ್ರಕ್ಕಾಗಿ. ನಿಮಗೆ ಬೇಕಿರುವುದು ಅಳತೆ. ಮೃದ್ವಸ್ಥಿಯ ಟಿ2 ಸುಮಾರು 30ರಿಂದ 50 ಮಿಲಿಸೆಕೆಂಡು ಇರುತ್ತದೆ, ನೀವು ಹುಡುಕುತ್ತಿರುವ ವ್ಯತ್ಯಾಸವಾದರೋ ಕೆಲವೇ ಮಿಲಿಸೆಕೆಂಡಿನದು. ಲೆಕ್ಕ ಹಾಕುವ ವಿಧಾನವೊಂದೇ ಅಷ್ಟು ದೋಷವನ್ನು ತಂದುಬಿಡಬಲ್ಲದು.

ಮುಖ್ಯ ತೊಡಕು ರೀಫೋಕಸಿಂಗ್ ಪಲ್ಸ್‌ನದು, ಅಂದರೆ ಚದುರಿದ ಸಂಕೇತವನ್ನು ಮತ್ತೆ ಒಗ್ಗೂಡಿಸಿ ಎಕೋ ಹುಟ್ಟಿಸುವ ರೇಡಿಯೋ ಪಲ್ಸ್‌ನದು. ಅದು 180 ಡಿಗ್ರಿ ಇರಬೇಕು, ಆದರೆ ಸ್ಲೈಸ್‌ನ ಅಂಚಿನಲ್ಲಿಯೂ, 3 ಟೆಸ್ಲಾದಲ್ಲಿ ರೇಡಿಯೋ ಕ್ಷೇತ್ರ ಅಸಮವಾಗಿರುವ ಕಡೆಯಲ್ಲಿಯೂ ಅದು ಪೂರ್ತಿ 180 ಆಗುವುದಿಲ್ಲ. ಆಗ ಎರಡನೆಯ ಎಕೋದಿಂದ ಮುಂದಕ್ಕೆ ಸ್ಟಿಮ್ಯುಲೇಟೆಡ್ ಎಕೋಗಳು (ಬೇರೆ ದಾರಿಯಿಂದ ಹುಟ್ಟುವ ಹೆಚ್ಚುವರಿ ಎಕೋಗಳು) ಬೆರೆತುಕೊಳ್ಳುತ್ತವೆ. ಮೊದಲ ಎಕೋದಲ್ಲಿ ಈ ಬೆರಕೆ ಇಲ್ಲದ ಕಾರಣ ಅದು ಉಳಿದವುಗಳ ಸಾಲಿಗೆ ಹೊಂದದೆ, ಸರಳ ಘಾತೀಯ ರೇಖೆಯನ್ನು ಕೂರಿಸಿದಾಗ ಟಿ2 ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ. 2004ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 4,796 ಜನರನ್ನು ಒಳಗೊಂಡ ಆಸ್ಟಿಯೋಆರ್ಥ್ರೈಟಿಸ್ ಇನಿಶಿಯೇಟಿವ್ ಎಂಬ ಅಧ್ಯಯನ ಬಳಸಿದ್ದೂ ಆಸ್ಪತ್ರೆಗಳಿಗೆಂದು ತಯಾರಾಗುವಂಥ 3 ಟೆಸ್ಲಾ ಯಂತ್ರಗಳನ್ನೇ. ಅಲ್ಲಿ 10ರಿಂದ 70 ಮಿಲಿಸೆಕೆಂಡಿನವರೆಗೆ ಏಳು ಎಕೋಗಳಿವೆ, ಆ ದತ್ತಾಂಶವನ್ನು ವಿಶ್ಲೇಷಿಸುವ ಅನೇಕರು ಮೊದಲನೆಯದನ್ನು ಬಿಟ್ಟೇ ಲೆಕ್ಕ ಹಾಕುತ್ತಾರೆ. ಈ ಬೆರಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಎಕ್ಸ್‌ಟೆಂಡೆಡ್ ಫೇಸ್ ಗ್ರಾಫ್ ಮಾದರಿಯಿಂದ ಹೊಂದಿಸುವುದು ಇನ್ನೂ ಒಳ್ಳೆಯದು. ಹಾಗಾಗಿ ಪ್ರತಿ ಎಕೋದ ಚಿತ್ರವನ್ನೂ ಬೇರೆಬೇರೆಯಾಗಿ ಉಳಿಸಿಕೊಂಡು ಲೆಕ್ಕವನ್ನು ನೀವೇ ಮಾಡಿ. ಕೊನೆಯ ಎಕೋಗಳಲ್ಲಿ ಸಂಕೇತ ಗದ್ದಲದ ಮಟ್ಟಕ್ಕೆ ಇಳಿದಿದೆಯೇ ಎಂದೂ ನೋಡಿ, ಏಕೆಂದರೆ ಸಂಕೇತದ ಪ್ರಮಾಣವನ್ನಷ್ಟೇ ತೋರಿಸುವ ಮ್ಯಾಗ್ನಿಟ್ಯೂಡ್ ಚಿತ್ರದಲ್ಲಿ ಗದ್ದಲ ಸೊನ್ನೆಗೆ ಇಳಿಯುವುದಿಲ್ಲ, ಅದೂ ಟಿ2ವನ್ನು ಹಿಗ್ಗಿಸುತ್ತದೆ.

ಯಂತ್ರ ಫಿಲಿಪ್ಸ್‌ನದಾದರೆ ಇನ್ನೊಂದು ಎಚ್ಚರಿಕೆ: ಚಿತ್ರದ ಅಂಕಿಗಳನ್ನು ಮೂಲ ಪ್ರಮಾಣಕ್ಕೆ ತರುವ ಗುಣಕ ಡೈಕಾಮ್ ಕಡತದ (ವೈದ್ಯಕೀಯ ಚಿತ್ರಗಳನ್ನು ಉಳಿಸುವ ಕಡತದ) ಖಾಸಗಿ ಟ್ಯಾಗ್‌ನಲ್ಲಿ, ಅಂದರೆ ಕಂಪನಿ ತನಗೆಂದು ಇಟ್ಟುಕೊಂಡ ಮಾಹಿತಿಯ ಖಾನೆಯಲ್ಲಿ, ಇರುತ್ತದೆ. ಕಡತದ ರೂಪ ಬದಲಿಸುವಾಗ ಅದು ಕಳೆದುಹೋಗದಂತೆ ನೋಡಿಕೊಳ್ಳಿ.

ಉತ್ತರ: ಎಂಆರ್‌ಐ ತಂತ್ರಜ್ಞ, ಹುಬ್ಬಳ್ಳಿ

ಮೇಲಿನವರು ಲೆಕ್ಕದ ಮಾತು ಹೇಳಿದ್ದಾರೆ, ನಾನು ಮಂಡಿಯನ್ನು ಮಲಗಿಸುವ ಮಾತು ಹೇಳುತ್ತೇನೆ. ನಡೆದು ಬಂದ ತಕ್ಷಣ ಸ್ಕ್ಯಾನ್ ಮಾಡಿದರೆ ಒತ್ತಡದಿಂದ ಮೃದ್ವಸ್ಥಿಯ ನೀರಿನಂಶ ಬದಲಾಗಿ ಟಿ2 ಕೂಡ ಬದಲಾಗಿರುತ್ತದೆ. ಎಲ್ಲರನ್ನೂ ಅರ್ಧ ಗಂಟೆಯಾದರೂ ಕೂರಿಸಿ, ಟಿ2 ಸ್ಕ್ಯಾನನ್ನು ಪ್ರತಿ ಸಲವೂ ಅದೇ ಕ್ರಮಾಂಕದಲ್ಲಿ ತೆಗೆಯಿರಿ. ಕಾಲಿನ ಕೋನವನ್ನು ಪ್ಯಾಡ್ ಕೊಟ್ಟು ಒಂದೇ ರೀತಿ ಇರಿಸಿ, ಏಕೆಂದರೆ ಕೊಲಾಜೆನ್ ಎಳೆಗಳು ಮುಖ್ಯ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ವಾಲಿದಾಗ ಆರೋಗ್ಯವಂತ ಮೃದ್ವಸ್ಥಿಯಲ್ಲಿಯೂ ಟಿ2 ಏರಿದಂತೆ ಕಾಣುತ್ತದೆ.

ಪ್ರೋಟೋಕಾಲನ್ನು (ಸ್ಕ್ಯಾನ್‌ನ ಸೆಟ್ಟಿಂಗ್‌ಗಳನ್ನು) ನಿಮ್ಮ ಅಧ್ಯಯನದ ಹೆಸರಿನಲ್ಲಿ ಪ್ರತ್ಯೇಕವಾಗಿ ಉಳಿಸಿ ಬೀಗ ಹಾಕಿಸಿ. ರೋಗಿಗಳ ಪ್ರೋಟೋಕಾಲಿನಲ್ಲಿ ಸ್ಕ್ಯಾನ್ ಸಮಯ ಉಳಿಸಲೆಂದು ಯಾರೋ ರೆಸಲ್ಯೂಷನ್ ಬದಲಿಸುವುದು ದಿನನಿತ್ಯದ ಸಂಗತಿ. ಚಿತ್ರವನ್ನು ನಯಗೊಳಿಸುವ ಫಿಲ್ಟರ್ ಮತ್ತು ಇಂಟರ್‌ಪೋಲೇಷನ್‌ಗಳನ್ನು ಆಫ್ ಮಾಡಿಬಿಡಿ. ಕಂಪನಿಯವರು ಸಾಫ್ಟ್‌ವೇರ್ ಮೇಲ್ದರ್ಜೆಗೇರಿಸಲು ಬರುವ ದಿನ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಹಿಂದೆ ಮುಂದೆ ಒಂದೊಂದು ಫ್ಯಾಂಟಮ್ ಸ್ಕ್ಯಾನ್ (ಮಂಡಿಯ ಬದಲು ಟಿ2 ಗೊತ್ತಿರುವ ಪರೀಕ್ಷಾ ವಸ್ತುವಿನ ಸ್ಕ್ಯಾನ್) ಇರಲೇಬೇಕು.

ಮರುಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಫ್ಯಾಂಟಮನ್ನು ಕೊಂಡೇ ತರಬೇಕೇ, ನಮ್ಮ ಪ್ರಯೋಗಾಲಯದಲ್ಲಿ ತಯಾರಿಸಿದರೆ ನಡೆಯುತ್ತದೆಯೇ? ನೈತಿಕ ಸಮಿತಿಯ ಒಪ್ಪಿಗೆಯಲ್ಲಿ ಗಮನಿಸಬೇಕಾದ್ದು ಏನಾದರೂ ಇದೆಯೇ?

ಉತ್ತರ: ಎಂಆರ್‌ಐ ಭೌತವಿಜ್ಞಾನಿ

ಮ್ಯಾಂಗನೀಸ್ ಕ್ಲೋರೈಡ್ ದ್ರಾವಣವನ್ನು ಬೇರೆ ಬೇರೆ ಸಾಂದ್ರತೆಯಲ್ಲಿ ಟ್ಯೂಬುಗಳಿಗೆ ತುಂಬಿ ತಯಾರಿಸಬಹುದು. ಟಿ2 ಉಷ್ಣತೆಯೊಂದಿಗೆ ಬದಲಾಗುವುದರಿಂದ ಟ್ಯೂಬುಗಳನ್ನು ಹಿಂದಿನ ದಿನವೇ ಸ್ಕ್ಯಾನ್ ಕೋಣೆಯಲ್ಲಿ ಇರಿಸಿ, ಉಷ್ಣತೆಯನ್ನು ಪ್ರತಿ ಸಲವೂ ಬರೆದಿಟ್ಟುಕೊಳ್ಳಿ. ನಿಧಾನವಾದರೂ ಸಿಂಗಲ್ ಎಕೋ ಸ್ಪಿನ್ ಎಕೋದಿಂದ ಒಮ್ಮೆ ಅಳೆದು, ಆ ಮೌಲ್ಯಗಳನ್ನು ಆಧಾರವಾಗಿ ಇಟ್ಟುಕೊಳ್ಳಿ.

ಉತ್ತರ: ರೇಡಿಯಾಲಜಿಸ್ಟ್, ನೈತಿಕ ಸಮಿತಿಯ ಸದಸ್ಯೆ

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯನ್ನು ಮೊದಲು ಓದಿಕೊಳ್ಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಇದು ಚಿಕಿತ್ಸೆಯ ಸ್ಕ್ಯಾನ್ ಅಲ್ಲ ಎಂಬ ಮಾತು ಅದರ ಮೊದಲ ಸಾಲುಗಳಲ್ಲಿಯೇ ಬರಲಿ, ಏಕೆಂದರೆ ಆಸ್ಪತ್ರೆಯ ಯಂತ್ರದೊಳಗೆ ಮಲಗಿದವರು ತಮಗೆ ತಪಾಸಣೆ ಆಯಿತೆಂದೇ ತಿಳಿಯುತ್ತಾರೆ. ಮಂಡಿಯ ಮೂಳೆಯಲ್ಲಿ ಗಡ್ಡೆಯಂಥದ್ದು ಅನಿರೀಕ್ಷಿತವಾಗಿ ಕಂಡರೆ ಯಾರು ನೋಡುತ್ತಾರೆ, ಯಾರು ತಿಳಿಸುತ್ತಾರೆ, ಮುಂದಿನ ಪರೀಕ್ಷೆಯ ಖರ್ಚು ಯಾರದು ಎಂಬುದನ್ನು ಮೊದಲ ಸ್ವಯಂಸೇವಕ ಬರುವ ಮುಂಚೆಯೇ ಬರಹದಲ್ಲಿ ತೀರ್ಮಾನಿಸಿ. ಲೋಹದ ಇಂಪ್ಲಾಂಟ್, ಪೇಸ್‌ಮೇಕರ್‌ಗಳ ವಿಚಾರಣೆಯನ್ನು ಸಂಜೆಯ ಹೊತ್ತಿನಲ್ಲಿಯೂ ತರಬೇತಾದ ತಂತ್ರಜ್ಞರೇ ನಡೆಸಬೇಕು, ವಿದ್ಯಾರ್ಥಿಗಳಲ್ಲ. ತುರ್ತು ರೋಗಿ ಬಂದರೆ ಸ್ಕ್ಯಾನ್ ಅರ್ಧಕ್ಕೇ ನಿಲ್ಲಬಹುದು ಎಂದೂ ಸ್ವಯಂಸೇವಕರಿಗೆ ಮುಂಚಿತವಾಗಿ ಹೇಳಿಬಿಡಿ.