ಅಪ್‌ಡೇಟ್: ‘ಪಾಪ’ ಎನ್ನುವುದರಾಚೆ ತರಗತಿ ಕೊನೆಗೂ ಬಾಯಿ ಬಿಟ್ಟಿತು

ಆಟಿಸಂ ಇರುವ ಕ್ರಿಸ್ಟೋಫರ್ ನಿರೂಪಿಸುವ ಮಾರ್ಕ್ ಹ್ಯಾಡನ್ ಅವರ 2003ರ ಕಾದಂಬರಿ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್-ಟೈಮ್’ ಬಗ್ಗೆ ನನ್ನ ವಿದ್ಯಾರ್ಥಿಗಳು ‘ಪಾಪ, ಹುಡುಗ’ ಎಂದು ಸುಮ್ಮನಾಗುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆ. ಆಟಿಸಂ ಪಾಠ ಬದಿಗಿಟ್ಟು ಪುಟಕ್ಕೇ ಹೋಗಿ ಎಂದವರ ಸಲಹೆ ಫಲಿಸಿತು. ಅಧ್ಯಾಯಗಳು 2, 3, 5, 7 ಎಂದು ಅವಿಭಾಜ್ಯ ಸಂಖ್ಯೆಗಳಲ್ಲೇ ಏಕೆ ಸಾಗುತ್ತವೆ ಎಂದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: ‘ಪುಸ್ತಕ ಅವನದು, ಲೆಕ್ಕವೂ ಅವನದೇ.’ ಆಮೇಲೆ ಅವರನ್ನು ಹಿಡಿಯುವವರಿಲ್ಲ. ತಾಯಿ ಸತ್ತಳೆಂಬ ತಂದೆಯ ಸುಳ್ಳು ಬಚ್ಚಿಟ್ಟ ಪತ್ರಗಳಿಂದ ಬಯಲಾಗುವ ಭಾಗಕ್ಕೆ ಬಂದಾಗ, ತಂದೆಯನ್ನು ಕ್ಷಮಿಸಬಹುದೇ ಎಂದು ಇಬ್ಬರು ಜಗಳಕ್ಕೇ ನಿಂತರು. (ನನಗಂತೂ ಒಳಗೊಳಗೇ ಖುಷಿ.) ಕ್ರಿಸ್ಟೋಫರ್ ಒಬ್ಬನೇ ಆಟಿಸಂ ಇರುವ ಎಲ್ಲರ ಪ್ರತಿನಿಧಿಯಲ್ಲ ಎಂಬ ಮಾತು ಬಾಕಿಯಿದೆ, ಅದಕ್ಕೆ ಆಟಿಸಂ ಇರುವವರೇ ಬರೆದ ಆತ್ಮಕಥನದ ಕೆಲವು ಪುಟಗಳನ್ನು ಮುಂದಿನ ವಾರ ಓದಿಸುತ್ತೇನೆ.